ಇವತ್ತು ಏನು ಸುದ್ದಿ?



ನಮ್ಮ ಕಲಿಕಾ ಕೇಂದ್ರ ರಾತ್ರಿ ಏಳೂವರೆಗೆ ಶುರುವಾಗುತ್ತದೆ. ಹಾಲು ಕರೆದು, ದನಕ್ಕೆ ಹುಲ್ಲು ಹಾಕಿ, ಮಕ್ಕಳಿಗೆ ಉಣ್ಣಲಿಟ್ಟು ಎಲ್ಲರೂ ಬರುತ್ತಾರೆ. ಅರವತ್ತು ದಾಟಿದ ಅಜ್ಜಿಯರೂ ಇದ್ದಾರೆ. ಮೊನ್ನೆ ಮೊನ್ನೆ ಮದುವೆಯಾಗಿ ಬಂದ ಸೊಸೆಯರೂ ಇದ್ದಾರೆ.

ಒಂದು ದಿನ ಪಾಠಕ್ಕೆ ಮುಂಚೆ ನಾವು ಸುಮ್ಮನೆ ಕೇಳಿದೆವು. "ಇವತ್ತು ಏನು ಸುದ್ದಿ?"

ಒಬ್ಬ ಅಜ್ಜಿ ಹೇಳಿದರು. "ಪಕ್ಕದೂರಲ್ಲಿ ಒಂದು ಹಸು ಎರಡು ಕರು ಹಾಕಿದೆಯಂತೆ. ಡೈರಿ ಹತ್ರ ಹೇಳ್ತಿದ್ರು."

ಇನ್ನೊಬ್ಬರು ಹೇಳಿದರು. "ನಮ್ಮ ಮಾವ ಪೇಪರ್ ಓದಿ ಹೇಳಿದ್ರು. ರಾಗಿ ಖರೀದಿಗೆ ಹೆಸರು ಬರೆಸಬೇಕಂತೆ."

ಮತ್ತೊಬ್ಬರು ನಕ್ಕರು. "ಟಿವಿಯಲ್ಲಿ ಬೆಳಿಗ್ಗೆಯಿಂದ ಒಂದೇ ಸುದ್ದಿ. ಯಾರೋ ಸಿನಿಮಾ ನಟನ ಮನೆ ಮುಂದೆ ಜನವೋ ಜನ."

ಕೊನೆಗೆ ಒಬ್ಬ ಹುಡುಗಿ ಮೊಬೈಲ್ ಎತ್ತಿ ಹಿಡಿದಳು. ಅತ್ತೆಯನ್ನು ಕೇಂದ್ರಕ್ಕೆ ಬಿಡಲು ಬಂದಿದ್ದ ಸೊಸೆ ಅವಳು. "ಟೀಚರ್, ನಮ್ಮ ತಾಲ್ಲೂಕಿಗೆ ಮಕ್ಕಳ ಕಳ್ಳರು ಬಂದಿದ್ದಾರಂತೆ. ಗ್ರೂಪಲ್ಲಿ ಬಂದಿದೆ. ಫೋಟೋನೂ ಇದೆ."

ಕೋಣೆ ಗಪ್ಪಾಯಿತು. ಒಬ್ಬ ತಾಯಿ ಎದ್ದು ಓಡಿದರು. ಅವರ ಮಗ ಬೀದಿಯಲ್ಲಿ ಆಡುತ್ತಿದ್ದ. ಅಷ್ಟರಲ್ಲಿ ಹಿಂದಿನಿಂದ ಒಂದು ಮಾತು ಬಂತು. "ಕೆರೆ ಏರಿ ಹತ್ರ ಯಾರೋ ಟೆಂಟು ಹಾಕಿದ್ದಾರಲ್ಲ, ಅವರೇ ಇರಬೇಕು."

ಆ ರಾತ್ರಿ ಏನಾಯಿತು ಅಂತ ಮುಂದೆ ಹೇಳುತ್ತೇವೆ. ಅದಕ್ಕೆ ಮುಂಚೆ ಒಂದು ವಿಷಯ ನೋಡೋಣ. ಊರು ಒಂದೇ, ದಿನ ಒಂದೇ. ಸುದ್ದಿ ಮಾತ್ರ ನಾಲ್ಕು. ಯಾಕೆ ಹೀಗೆ?

ಅಜ್ಜಿಯ ಕಾಲದ ಸುದ್ದಿ

ಅಜ್ಜಿ ಚಿಕ್ಕವರಿದ್ದಾಗ ಊರಿಗೆ ಸುದ್ದಿ ಬರುತ್ತಿದ್ದುದು ಕಾಲಿನ ಮೇಲೆ. ತಮಟೆ ಬಡಿದು ಸಾರುತ್ತಿದ್ದರು. ಸಂತೆಗೆ ಹೋದವರು ತರುತ್ತಿದ್ದರು. ಬಳೆ ಮಾರುವವರು ತರುತ್ತಿದ್ದರು. ತವರಿನಿಂದ ಬಂದವರು ಹೇಳುತ್ತಿದ್ದರು. ನೀರು ಸೇದುವ ಬಾವಿಯ ಹತ್ತಿರ ಆ ಸುದ್ದಿ ಎಲ್ಲರಿಗೂ ಹಂಚಿಕೆಯಾಗುತ್ತಿತ್ತು.

ಆಮೇಲೆ ರೇಡಿಯೋ ಬಂತು. ನಮ್ಮ ರಾಜ್ಯಕ್ಕೂ ರೇಡಿಯೋಗೂ ಹಳೆಯ ನಂಟು. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿ ಎಂಬ ಪ್ರಾಧ್ಯಾಪಕರು ತಮ್ಮ ಮನೆಯಲ್ಲೇ ಒಂದು ರೇಡಿಯೋ ಕೇಂದ್ರ ಶುರು ಮಾಡಿದರು. ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂತು. ಮುಂದೆ ಇಡೀ ದೇಶದ ಸರ್ಕಾರಿ ರೇಡಿಯೋಗೆ ಅದೇ ಹೆಸರಾಯಿತು. ಧಾರವಾಡದ ಕೇಂದ್ರ 1950ರಲ್ಲಿ ಶುರುವಾಯಿತು.

ಆಗ ಮನೆ ಮನೆಗೆ ರೇಡಿಯೋ ಇರಲಿಲ್ಲ. ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಯಲ್ಲಿ ಹಣ ಕಟ್ಟಬೇಕಿತ್ತು. ರೇಡಿಯೋದ ಗುಂಡಿ ತಿರುಗಿಸುತ್ತಿದ್ದವರು ಮನೆಯ ಯಜಮಾನರು. ಹೆಂಗಸರು ಅಡಿಗೆಮನೆಯಲ್ಲಿ ಕೆಲಸ ಮಾಡುತ್ತಾ ಕಿವಿಗೆ ಬಿದ್ದಷ್ಟು ಕೇಳುತ್ತಿದ್ದರು.

ರೇಡಿಯೋ ಸುದ್ದಿಗೆ ಹೊತ್ತು ಗೊತ್ತಿತ್ತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಕೆಲವೇ ನಿಮಿಷ. ಬೇಕಾದ್ದು ಆರಿಸಿಕೊಳ್ಳುವ ಹಾಗಿರಲಿಲ್ಲ. ಕೊಟ್ಟದ್ದನ್ನು ಕೇಳಬೇಕು. ಅದು ಸರ್ಕಾರದ ರೇಡಿಯೋ. ಸರ್ಕಾರ ತಡೆದರೆ ಸುದ್ದಿ ತಡವಾಗುತ್ತಿತ್ತು. 1984ರ ಅಕ್ಟೋಬರ್ 31ರ ಬೆಳಿಗ್ಗೆ ಪ್ರಧಾನಿ ಇಂದಿರಾ ಗಾಂಧಿಯವರಿಗೆ ಗುಂಡು ಹೊಡೆದರು. ಆಕಾಶವಾಣಿ ಅವರ ಸಾವಿನ ಸುದ್ದಿ ಹೇಳಿದ್ದು ಸಂಜೆಗೆ. ಹೊರದೇಶದ ರೇಡಿಯೋ ಅದಕ್ಕೆ ಮೊದಲೇ ಹೇಳಿತ್ತು.

ಆದರೆ ಅಜ್ಜಿಯ ಕಾಲದ ಸುದ್ದಿಯಲ್ಲಿ ಒಂದು ಒಳ್ಳೆಯ ಗುಣ ಇತ್ತು. ಸುದ್ದಿಗೆ ಒಂದು ಮುಖ ಇತ್ತು. ಹೇಳಿದವರು ಯಾರು ಅಂತ ಗೊತ್ತಿತ್ತು. ಸುಳ್ಳು ಹೇಳಿದರೆ ಮುಂದಿನ ಸಂತೆಯಲ್ಲಿ ಹಿಡಿದು ಕೇಳಬಹುದಿತ್ತು. ಅದಕ್ಕೇ ಅಜ್ಜಿ ಇವತ್ತಿಗೂ ಯಾವ ಸುದ್ದಿ ಕೇಳಿದರೂ ಮೊದಲು ಒಂದು ಮಾತು ಕೇಳುತ್ತಾರೆ. "ಹೇಳ್ದೋರು ಯಾರು?"

ಮಾವನ ಪೇಪರ್

ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'. ಅದು 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರಬಂತು. ಅದನ್ನು ಹೊರತಂದವರು ಜರ್ಮನಿಯಿಂದ ಬಂದ ಹರ್ಮನ್ ಮೊಗ್ಲಿಂಗ್ ಎಂಬ ಪಾದ್ರಿ. ಅದಕ್ಕೇ ನಮ್ಮ ರಾಜ್ಯದಲ್ಲಿ ಜುಲೈ 1ನ್ನು ಪತ್ರಿಕಾ ದಿನ ಎಂದು ಆಚರಿಸುತ್ತಾರೆ. ಆಮೇಲೆ ಸಂಯುಕ್ತ ಕರ್ನಾಟಕ, ಪ್ರಜಾವಾಣಿ, ಕನ್ನಡಪ್ರಭ, ಉದಯವಾಣಿ ಹೀಗೆ ಹಲವು ದಿನಪತ್ರಿಕೆಗಳು ಬಂದವು.

ಹಳ್ಳಿಗೆ ಪೇಪರ್ ಬೆಳಗಿನ ಬಸ್ಸಿಗೆ ಬರುತ್ತಿತ್ತು. ಹೋಟೆಲ್, ಕ್ಷೌರದ ಅಂಗಡಿ, ಅರಳಿಕಟ್ಟೆ, ಇವು ಪೇಪರಿನ ಜಾಗ. ಅಲ್ಲಿ ಕೂರುತ್ತಿದ್ದವರೆಲ್ಲ ಗಂಡಸರು. ಒಬ್ಬ ಗಟ್ಟಿಯಾಗಿ ಓದುತ್ತಿದ್ದ. ಹತ್ತು ಜನ ಕೇಳುತ್ತಿದ್ದರು. ಹೆಂಗಸರ ಕೈಗೆ ಪೇಪರ್ ಬರುತ್ತಿದ್ದುದು ಪೊಟ್ಟಣವಾಗಿ. ಬೆಲ್ಲ ಕಟ್ಟಿದ ಪೊಟ್ಟಣ, ಬೋಂಡ ಕಟ್ಟಿದ ಪೊಟ್ಟಣ.

ನಮ್ಮ ಕೇಂದ್ರದ ಒಬ್ಬ ಅಕ್ಕ ಮೊದಲ ಸಲ ಸುದ್ದಿ ಓದಿದ್ದೂ ಪೊಟ್ಟಣದಲ್ಲೇ. ಕಡ್ಲೆಬೇಳೆ ಡಬ್ಬಿಗೆ ಸುರಿದು, ಕಾಗದ ಬಿಡಿಸಿ, ಕೂಡಿಸಿ ಕೂಡಿಸಿ ಓದಿದರಂತೆ. 'ಬಸ್ ಉರುಳಿ ಮೂವರಿಗೆ ಗಾಯ.' ಓಡಿ ಹೋಗಿ ಗಂಡನಿಗೆ ಹೇಳಿದರು. ಗಂಡ ಕಾಗದ ನೋಡಿ ನಕ್ಕ. "ಅಯ್ಯೋ, ಇದು ಹೋದ ವರ್ಷದ್ದು ಕಣೇ." ಆ ಅಕ್ಕನಿಗೆ ನಾಚಿಕೆಯಾಯಿತು. ಆದರೆ ಅಂದೇ ಅವರು ಒಂದು ಪಾಠ ಕಲಿತರು. ಸುದ್ದಿ ಓದುವ ಮೊದಲು ತಾರೀಖು ಓದಬೇಕು.

ಪೇಪರಿನ ಒಳ್ಳೆಯ ಗುಣ ಇದೇ. ಪುಟದ ಮೇಲೆ ತಾರೀಖು ಇರುತ್ತದೆ. ಸುದ್ದಿಯ ಮೊದಲಲ್ಲಿ ಊರಿನ ಹೆಸರು ಇರುತ್ತದೆ. ಪತ್ರಿಕೆಯ ಹೆಸರು, ಸಂಪಾದಕರ ಹೆಸರು, ಅಚ್ಚಾದ ಜಾಗ ಎಲ್ಲವೂ ಇರುತ್ತವೆ. ತಪ್ಪು ಬರೆದರೆ ಕೇಳಲು ಒಬ್ಬರು ಇದ್ದಾರೆ. ಪೇಪರೂ ತಪ್ಪು ಮಾಡುತ್ತದೆ. ಜಾಹೀರಾತನ್ನು ಸುದ್ದಿಯ ಹಾಗೆ ಹಾಕುವುದೂ ಉಂಟು. ಆದರೂ ಅದು ಕಾಗದದ ಮೇಲೆ ಉಳಿಯುತ್ತದೆ. ನಾಳೆ ಅಳಿಸಲು ಆಗುವುದಿಲ್ಲ.

ಅಮ್ಮನ ಟಿವಿ

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಆಗ ಊರಿಗೆ ಒಂದೋ ಎರಡೋ ಟಿವಿ. ಭಾನುವಾರ ಟಿವಿ ಇದ್ದವರ ಮನೆಯಲ್ಲಿ ಜಾತ್ರೆ. 1994ರಲ್ಲಿ ಉದಯ ಟಿವಿ ಬಂತು. 2006ರಲ್ಲಿ ಟಿವಿ9 ಕನ್ನಡ ಬಂತು. ಇಡೀ ದಿನ ಸುದ್ದಿಯೇ ಹೇಳುವ ಚಾನಲ್ಲುಗಳ ಕಾಲ ಶುರುವಾಯಿತು.

ಟಿವಿ ಹೆಂಗಸರಿಗೆ ಒಂದು ಉಪಕಾರ ಮಾಡಿತು. ಓದು ಬಾರದವರೂ ಸುದ್ದಿ ನೋಡಬಹುದಾಯಿತು. ವಿಧಾನಸೌಧ ಹೇಗಿದೆ, ಪ್ರವಾಹ ಹೇಗಿರುತ್ತದೆ, ಮಂತ್ರಿ ಹೇಗೆ ಮಾತಾಡುತ್ತಾರೆ ಎಲ್ಲವೂ ಕಣ್ಣಿಗೆ ಕಂಡವು. ಅದಕ್ಕೇ ನಮ್ಮ ನಡುವಯಸ್ಸಿನ ಅಕ್ಕಂದಿರಿಗೆ ಟಿವಿ ಮೇಲೆ ನಂಬಿಕೆ ಹೆಚ್ಚು. "ಕಣ್ಣಾರೆ ನೋಡಿದೆ" ಅನ್ನುತ್ತಾರೆ.

ಆದರೆ ಒಂದು ಮಾತು ಯೋಚಿಸಿ. ಇಪ್ಪತ್ತನಾಲ್ಕು ಗಂಟೆ ಹೇಳುವಷ್ಟು ಹೊಸ ಸುದ್ದಿ ದಿನವೂ ಇರುತ್ತದೆಯೇ? ಇರುವುದಿಲ್ಲ. ಅದಕ್ಕೇ ಒಂದೇ ಸುದ್ದಿಯನ್ನು ಮತ್ತೆ ಮತ್ತೆ ಹೇಳುತ್ತಾರೆ. ಜೋರು ಸಂಗೀತ ಹಾಕುತ್ತಾರೆ. ಕೆಂಪು ಅಕ್ಷರ ಓಡಿಸುತ್ತಾರೆ. ಹೆಚ್ಚು ಜನ ನೋಡಿದರೆ ಜಾಹೀರಾತು ಹೆಚ್ಚು ಬರುತ್ತದೆ. ಜಾಹೀರಾತಿನಿಂದ ಹಣ ಬರುತ್ತದೆ. ನಟನ ಮನೆ ಮುಂದಿನ ಜನ ಇಡೀ ದಿನ ಕಾಣುತ್ತಾರೆ. ರಾಗಿ ಖರೀದಿಯ ಸುದ್ದಿ ಒಂದು ನಿಮಿಷವೂ ಕಾಣುವುದಿಲ್ಲ.

ಮಗಳ ಮೊಬೈಲ್

ಈಗಿನ ಮಕ್ಕಳು ಸುದ್ದಿಯ ಹೊತ್ತಿಗೆ ಕಾಯುವುದಿಲ್ಲ. ಪೇಪರ್ ಬಿಡಿಸುವುದಿಲ್ಲ. ಸುದ್ದಿಯೇ ಅವರನ್ನು ಹುಡುಕಿಕೊಂಡು ಬರುತ್ತದೆ. ಹಾಡು ನೋಡುವಾಗ ನಡುವೆ ಒಂದು ಸುದ್ದಿ. ಗೆಳತಿಯ ಫೋಟೋ ನೋಡುವಾಗ ಒಂದು ಸುದ್ದಿ. "ನಾನೇ ಆರಿಸಿ ನೋಡ್ತೀನಿ" ಅಂತ ಮಗಳು ಅಂದುಕೊಳ್ಳುತ್ತಾಳೆ. ಅದು ಅರ್ಧ ಮಾತ್ರ ನಿಜ.

ಮೊಬೈಲ್ ಒಳಗೆ ಏನು ನಡೆಯುತ್ತದೆ ಕೇಳಿ. ಬಟ್ಟೆ ಅಂಗಡಿಗೆ ಹೋದಾಗ ನೀವು ಹಸಿರು ಸೀರೆಯ ಮೇಲೆ ಕೈ ಇಟ್ಟರೆ ಅಂಗಡಿಯವನು ಏನು ಮಾಡುತ್ತಾನೆ? ಹಸಿರು ಸೀರೆಗಳನ್ನೇ ಹರಡುತ್ತಾನೆ. ಮೊಬೈಲ್ ಕೂಡ ಹಾಗೇ. ನೀವು ಯಾವುದನ್ನು ಹೆಚ್ಚು ಹೊತ್ತು ನೋಡುತ್ತೀರೋ ಅದನ್ನು ಕಂಪನಿಯ ಕಂಪ್ಯೂಟರ್ ಗುರುತು ಇಟ್ಟುಕೊಳ್ಳುತ್ತದೆ. ಅಂಥದ್ದನ್ನೇ ಮತ್ತೆ ಮತ್ತೆ ತೋರಿಸುತ್ತದೆ. ಭಯದ ಸುದ್ದಿ ನೋಡಿದವರಿಗೆ ಭಯದ ಸುದ್ದಿ. ಜಗಳದ ಸುದ್ದಿ ನೋಡಿದವರಿಗೆ ಜಗಳದ ಸುದ್ದಿ. ಬೇರೆ ಬಣ್ಣದ ಸೀರೆಯೂ ಇದೆ ಎಂದು ಅದು ಹೇಳುವುದು ಕಡಿಮೆ.

ಮೊಬೈಲಿನಲ್ಲಿ ಒಳ್ಳೆಯದೂ ಬಹಳ ಇದೆ. ಮಳೆಯ ಮುನ್ಸೂಚನೆ ಬರುತ್ತದೆ. ಮಾರುಕಟ್ಟೆ ದರ ಬರುತ್ತದೆ. ಒಂದು ಸುದ್ದಿ ನಿಜವೋ ಸುಳ್ಳೋ ಅಂತ ಹುಡುಕಿ ನೋಡಬಹುದು. ಅಜ್ಜಿಗೆ ಆ ಅನುಕೂಲ ಇರಲಿಲ್ಲ.

ಸುಳ್ಳು ಸುದ್ದಿ ಹೊಸದಲ್ಲ

ಮೊಬೈಲ್ ಬಂದ ಮೇಲೇ ಸುಳ್ಳು ಸುದ್ದಿ ಬಂತು ಅಂತ ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. 1990ರ ದಶಕದಲ್ಲಿ ನಮ್ಮ ರಾಜ್ಯದಲ್ಲಿ 'ನಾಳೆ ಬಾ' ಎಂಬ ಗುಲ್ಲು ಹಬ್ಬಿತ್ತು. ರಾತ್ರಿ ಒಂದು ದೆವ್ವ ಬಂದು ಬಾಗಿಲು ಬಡಿಯುತ್ತದೆ, ಮನೆಯವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆಗೆದವರು ಸಾಯುತ್ತಾರೆ ಎಂದು ಮಾತು. ಜನ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದರು. ನಮ್ಮ ಕೇಂದ್ರದ ಅಜ್ಜಿಗೆ ಅದು ಚೆನ್ನಾಗಿ ನೆನಪಿದೆ. "ನಂಗೆ ಬರೆಯೋಕೆ ಬರ್ತಿರಲಿಲ್ಲ. ಮಗನ ಕೈಲಿ ಸೀಮೆಸುಣ್ಣದಲ್ಲಿ ಬರೆಸಿದ್ದೆ. ಏನು ಬರೆದಿದ್ದಾನೋ ಅಂತ ಓದೋಕೂ ಬರ್ತಿರಲಿಲ್ಲ" ಎಂದು ಈಗ ನಗುತ್ತಾರೆ.

1995ರ ಸೆಪ್ಟೆಂಬರ್ 21ರಂದು ಗಣೇಶನ ಮೂರ್ತಿ ಹಾಲು ಕುಡಿಯುತ್ತಿದೆ ಎಂಬ ಸುದ್ದಿ ಒಂದೇ ದಿನದಲ್ಲಿ ದೇಶವೆಲ್ಲ ಹರಡಿತು. ಆಗ ಮೊಬೈಲ್ ಎಲ್ಲಿತ್ತು? ಹಾಲು ಕಲ್ಲಿನ ಮೇಲೆ ತೆಳ್ಳಗೆ ಹರಿದು ಇಳಿಯುತ್ತಿತ್ತು ಎಂದು ವಿಜ್ಞಾನಿಗಳು ಆಮೇಲೆ ತೋರಿಸಿದರು.

ಇವುಗಳಿಂದ ಸೀಮೆಸುಣ್ಣ ಸವೆಯಿತು, ಹಾಲು ಹೋಯಿತು. ಈಗಿನ ಸುಳ್ಳು ಸುದ್ದಿಯಿಂದ ಜೀವವೇ ಹೋಗುತ್ತಿದೆ.

2018ರ ಜುಲೈ ತಿಂಗಳು. ನಮ್ಮ ಬೀದರ್ ಜಿಲ್ಲೆಗೆ ಹೈದರಾಬಾದಿನಿಂದ ಕೆಲವು ಗೆಳೆಯರು ಕಾರಿನಲ್ಲಿ ಬಂದಿದ್ದರು. ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರ ಸುದ್ದಿ ಆಗ ಊರೂರಲ್ಲಿ ಹರಡಿತ್ತು. ಜನರಿಗೆ ಅನುಮಾನ ಬಂತು. ಇವರ ಸುದ್ದಿ ವಾಟ್ಸಾಪಿನಲ್ಲಿ ಮುಂದಿನ ಊರಿಗೆ ಓಡಿತು. ಕಾರಿಗಿಂತ ಮೊದಲು ಸುದ್ದಿ ಮುಟ್ಟಿತು. ಮುರ್ಕಿ ಎಂಬ ಊರಿನ ಹತ್ತಿರ ಜನ ಕಾರು ತಡೆದು ಹೊಡೆದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಗೆಳೆಯರಲ್ಲಿ ಒಬ್ಬ ಯುವಕ ಸತ್ತೇಹೋದ. ಅವನು ಎಂಜಿನಿಯರ್. ಯಾವ ಮಗುವನ್ನೂ ಅವನು ಕದ್ದಿರಲಿಲ್ಲ. ಹೊಡೆದವರಲ್ಲಿ ಹಲವರನ್ನು ಪೊಲೀಸರು ಹಿಡಿದರು. ಆ ಮನೆಗಳಲ್ಲೂ ತಾಯಂದಿರು ಅತ್ತರು.

ಆ ವರ್ಷ ನಮ್ಮ ದೇಶದಲ್ಲಿ ಒಂದು ವಿಡಿಯೋ ಓಡಾಡುತ್ತಿತ್ತು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ. ಅದು ನಿಜವಾಗಿ ಪಾಕಿಸ್ತಾನದ ಕರಾಚಿಯಲ್ಲಿ ತಯಾರಾದ ಒಂದು ಜಾಹೀರಾತು. ಮಕ್ಕಳ ಬಗ್ಗೆ ಎಚ್ಚರವಾಗಿರಿ ಎಂದು ಹೇಳಲು ಮಾಡಿದ್ದು. ಕೊನೆಯಲ್ಲಿ ಬೈಕಿನವರು ಮಗುವನ್ನು ವಾಪಸು ತಂದು ಬಿಡುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಹರಿಬಿಟ್ಟಿದ್ದರು. "ಕಣ್ಣಾರೆ ನೋಡಿದೆ" ಅಂದವರೂ ಮೋಸ ಹೋದರು.

ಆ ತಿಂಗಳೇ ವಾಟ್ಸಾಪ್ ಕಂಪನಿ ನಮ್ಮ ದೇಶದಲ್ಲಿ ಒಂದು ಕಟ್ಟು ಮಾಡಿತು. ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಕಳಿಸಲು ಆಗದ ಹಾಗೆ ಮಾಡಿತು. ಕೈಯಿಂದ ಕೈಗೆ ಬಹಳ ಸಲ ದಾಟಿ ಬಂದ ಸಂದೇಶಕ್ಕೆ ಎರಡು ಬಾಣದ ಗುರುತು ಹಾಕುವುದನ್ನೂ ಆಮೇಲೆ ಶುರು ಮಾಡಿತು.

ನಾವು ಕಲಿಸುವವರೂ ಮೋಸ ಹೋಗಿದ್ದೇವೆ. 2020ರಲ್ಲಿ ಕೊರೋನಾ ಬಂದಾಗ ಒಂದು ಮನೆಮದ್ದಿನ ಸಂದೇಶ ಬಂತು. ದೊಡ್ಡ ಡಾಕ್ಟರ್ ಹೇಳಿದ್ದು ಅಂತ ಇತ್ತು. ಹಿಂದೆಮುಂದೆ ನೋಡದೆ ಎಲ್ಲರಿಗೂ ಕಳಿಸಿದೆವು. ಅದು ಸುಳ್ಳು ಎಂದು ಆಮೇಲೆ ತಿಳಿಯಿತು. ಒಳ್ಳೆಯದಾಗಲಿ ಅಂತಲೇ ಕಳಿಸಿದ್ದೆವು. ಆದರೂ ತಪ್ಪು ತಪ್ಪೇ.

ಆ ರಾತ್ರಿ ಏನಾಯಿತು?

ಈಗ ನಮ್ಮ ಕೇಂದ್ರದ ಆ ರಾತ್ರಿಗೆ ಬರೋಣ. ಓಡಿಹೋದ ತಾಯಿ ಮಗನನ್ನು ಕರೆದುಕೊಂಡು ಬಂದರು. ಎಲ್ಲರೂ ಮೊಬೈಲಿನ ಸುತ್ತ ಕೂತೆವು.

ಅಜ್ಜಿ ಕೇಳಿದರು. "ಹೇಳ್ದೋರು ಯಾರು ಮಗ?"

ಸೊಸೆ ಹೇಳಿದಳು. "ನಮ್ಮ ಚಿಕ್ಕಮ್ಮ ಕಳಿಸಿದ್ದು. ಅವರಿಗೆ ಯಾರೋ ಕಳಿಸಿದ್ದಾರೆ."

"ಆ ಯಾರೋ ಯಾರು?"

ಅದಕ್ಕೆ ಉತ್ತರ ಇರಲಿಲ್ಲ. ಸಂದೇಶದ ಮೇಲೆ ಎರಡು ಬಾಣದ ಗುರುತು ಇತ್ತು.

ಪೊಟ್ಟಣ ಓದಿದ ಅಕ್ಕ ಕೇಳಿದರು. "ತಾರೀಖು ಎಲ್ಲಿದೆ? ಊರಿನ ಹೆಸರು ಎಲ್ಲಿದೆ?"

ಹುಡುಕಿದೆವು. ತಾರೀಖು ಇರಲಿಲ್ಲ. 'ನಮ್ಮ ತಾಲ್ಲೂಕು' ಅಂತ ಇತ್ತು. ಯಾವ ತಾಲ್ಲೂಕು ಅಂತ ಇರಲಿಲ್ಲ. ಆ ಅಕ್ಕ ಫೋಟೋವನ್ನು ಹತ್ತಿರ ಹಿಡಿದು ನೋಡಿದರು. ಹಿಂದೆ ಒಂದು ಅಂಗಡಿಯ ಬೋರ್ಡು ಕಾಣುತ್ತಿತ್ತು.

"ಟೀಚರ್, ಇದರಲ್ಲಿ ನಂಗೆ ಒಂದಕ್ಷರಾನೂ ಓದೋಕಾಗ್ತಿಲ್ಲ."

ನಾವು ನೋಡಿದೆವು. ಅವರು ಓದಲಾರದ್ದು ಸರಿಯೇ. ಆ ಬೋರ್ಡು ಕನ್ನಡದಲ್ಲಿ ಇರಲಿಲ್ಲ. ಫೋಟೋ ನಮ್ಮ ಸೀಮೆಯದೇ ಅಲ್ಲ. ಓದಲು ಕಲಿತದ್ದರಿಂದಲೇ ಅವರಿಗೆ ಅದು ಗೊತ್ತಾಯಿತು.

ಆಗ ಸೊಸೆ ತಾನೇ ಮೊಬೈಲಿನಲ್ಲಿ ಹುಡುಕಿದಳು. ಯಾವ ಪತ್ರಿಕೆಯಲ್ಲೂ ನಮ್ಮ ತಾಲ್ಲೂಕಿನ ಅಂಥ ಸುದ್ದಿ ಇರಲಿಲ್ಲ. ಪಂಚಾಯ್ತಿ ಸದಸ್ಯೆಯೊಬ್ಬರು ಪೊಲೀಸ್ ಠಾಣೆಗೆ ಫೋನ್ ಮಾಡಿದರು. ಅಂಥ ದೂರು ಒಂದೂ ಬಂದಿಲ್ಲ ಎಂದು ಅಲ್ಲಿಂದ ಉತ್ತರ ಬಂತು. ಸೊಸೆ ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳಿದಳು. "ಚಿಕ್ಕಮ್ಮ, ಅದು ಸುಳ್ಳು. ನೀವು ಕಳಿಸಿದವರಿಗೆಲ್ಲ ಹಾಗಂತ ತಿಳಿಸಿ."

ಮಾರನೇ ದಿನ ಇಬ್ಬರು ಅಕ್ಕಂದಿರು ಕೆರೆ ಏರಿಯ ಕಡೆ ಹೋದರು. ಟೆಂಟಿನಲ್ಲಿದ್ದವರು ಚಾಪೆ ಮಾರುವವರು. ಮರಕ್ಕೆ ಸೀರೆ ಕಟ್ಟಿ ಜೋಲಿಯಲ್ಲಿ ಕೂಸನ್ನು ಮಲಗಿಸಿದ್ದರು. ಹಿಂದಿನ ರಾತ್ರಿ ನಾವು ಎಲ್ಲರೂ ಕೂಗಾಡಿಕೊಂಡು ಅಲ್ಲಿಗೆ ಹೋಗಿದ್ದರೆ? ಯೋಚಿಸಿದರೆ ಈಗಲೂ ಎದೆ ನಡುಗುತ್ತದೆ.

ಮೂರು ತಲೆಮಾರು, ಮೂರು ಪ್ರಶ್ನೆ

ಆ ರಾತ್ರಿ ನಮಗೆ ಒಂದು ವಿಷಯ ತಿಳಿಯಿತು. ಒಂದೊಂದು ತಲೆಮಾರಿನ ಹತ್ತಿರ ಒಂದೊಂದು ಬುದ್ಧಿ ಇದೆ. ಮೂರೂ ಕೂಡಿದರೆ ಸುಳ್ಳು ನಿಲ್ಲುವುದಿಲ್ಲ.

1. ಅಜ್ಜಿಯ ಪ್ರಶ್ನೆ: ಹೇಳಿದವರು ಯಾರು? ಅವರು ನೋಡಿದ್ದಾರೆಯೇ, ಕೇಳಿದ್ದಾರೆಯೇ?

2. ಪೇಪರಿನ ಪ್ರಶ್ನೆ: ಯಾವ ತಾರೀಖು? ಯಾವ ಊರು?

3. ಮಗಳ ಪ್ರಶ್ನೆ: ಬೇರೆ ಕಡೆಯೂ ಈ ಸುದ್ದಿ ಇದೆಯೇ?

ಉತ್ತರ ಸಿಗದಿದ್ದರೆ ಆ ಸುದ್ದಿಯನ್ನು ಮುಂದೆ ಕಳಿಸಬೇಡಿ. ನಿಮ್ಮಲ್ಲೇ ನಿಲ್ಲಿಸಿ.

ಹಣದ ಸುದ್ದಿಗೂ ಇದೇ ಪ್ರಶ್ನೆ ಕೇಳಿ. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಯಿತು. ಇಂಥ ಯೋಜನೆಗಳ ಹೆಸರು ಹೇಳಿ 'ಇದನ್ನು ಒತ್ತಿ, ಹಣ ಬರುತ್ತದೆ' ಅಂತ ಯಾರಾದರೂ ಕಳಿಸಿದರೆ ಒತ್ತಬೇಡಿ. ಓಟಿಪಿ ನಂಬರ್ ಯಾರಿಗೂ ಹೇಳಬೇಡಿ. ಅಂಗನವಾಡಿ ಕಾರ್ಯಕರ್ತೆಯನ್ನೋ ಪಂಚಾಯ್ತಿಯನ್ನೋ ಕೇಳಿ. ಮೊಬೈಲಿನಿಂದ ಹಣ ಮೋಸ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಜೀವಕ್ಕೆ ಅಪಾಯ ಇದ್ದರೆ 112ಕ್ಕೆ ಮಾಡಿ.

ಹೆಂಗಸರೇ ಸುದ್ದಿ ಬರೆದರು

ಸುದ್ದಿ ಕೇಳುವುದು, ಓದುವುದು ಆಯಿತು. ಬರೆಯುವುದು? ಅದು ನಮ್ಮಂಥವರ ಕೆಲಸವಲ್ಲ ಅನ್ನುತ್ತೀರಾ? ಉತ್ತರ ಪ್ರದೇಶದ ಚಿತ್ರಕೂಟ ಜಿಲ್ಲೆಯ ಹಳ್ಳಿ ಹೆಂಗಸರ ಕತೆ ಕೇಳಿ. ನಮ್ಮ ಕರ್ನಾಟಕದಲ್ಲಿ ನಡೆದ ಮಹಿಳಾ ಸಮಖ್ಯ ಕಾರ್ಯಕ್ರಮ ಅಲ್ಲಿಯೂ ನಡೆದಿತ್ತು. ಅಲ್ಲಿ ಹೊಸದಾಗಿ ಓದು ಕಲಿತ ಹೆಂಗಸರು ಮೊದಲು ತಮಗಾಗಿ ಒಂದು ಸಣ್ಣ ಪತ್ರಿಕೆ ಮಾಡಿದರು. ಆ ಅನುಭವದಿಂದ 2002ರಲ್ಲಿ 'ಖಬರ್ ಲಹರಿಯಾ' ಎಂಬ ಪತ್ರಿಕೆ ಹುಟ್ಟಿತು. ಸುದ್ದಿಯ ಅಲೆಗಳು ಎಂದು ಅದರ ಅರ್ಥ. ಅವರು ತಮ್ಮ ಬುಂದೇಲಿ ಮಾತಿನಲ್ಲೇ ಬರೆದರು. ಅವರಲ್ಲಿ ಅನೇಕರು ದಲಿತ ಹೆಂಗಸರು. ಕೆಟ್ಟ ಕೈಪಂಪು, ಬಾರದ ರೇಷನ್, ಆಗದ ರಸ್ತೆ, ಹೆಂಗಸರ ಮೇಲಿನ ಹಿಂಸೆ, ಇವೇ ಅವರ ಸುದ್ದಿ. 2009ರಲ್ಲಿ ಆ ಪತ್ರಿಕೆಗೆ ಯುನೆಸ್ಕೋದ ಸಾಕ್ಷರತಾ ಪ್ರಶಸ್ತಿ ಬಂತು. ಮುಂದೆ ಅವರು ಮೊಬೈಲ್ ಹಿಡಿದು ವಿಡಿಯೋ ಸುದ್ದಿ ಮಾಡಲೂ ಕಲಿತರು.

ಅಜ್ಜಿಗೆ ಬೇರೆಯವರು ಆರಿಸಿದ ಸುದ್ದಿ ಬಂತು. ಮಗಳಿಗೆ ಮೊಬೈಲ್ ಆರಿಸಿದ ಸುದ್ದಿ ಬರುತ್ತಿದೆ. ಅಕ್ಷರ ಕಲಿತ ನಾವು ನಮ್ಮ ಸುದ್ದಿಯನ್ನು ನಾವೇ ಆರಿಸಿಕೊಳ್ಳೋಣ.

ಮಾಡಿ ನೋಡಿ

ನಿಮ್ಮ ಪಂಚಾಯ್ತಿಯ ಗ್ರಂಥಾಲಯಕ್ಕೆ, ಅಂದರೆ ಅರಿವು ಕೇಂದ್ರಕ್ಕೆ, ವಾರಕ್ಕೆ ಒಂದು ದಿನವಾದರೂ ಹೋಗಿ. ಎರಡು ಪತ್ರಿಕೆಗಳಲ್ಲಿ ಒಂದೇ ಸುದ್ದಿ ಹುಡುಕಿ ಓದಿ. ಎರಡರಲ್ಲೂ ಒಂದೇ ರೀತಿ ಬರೆದಿದ್ದಾರೆಯೇ ನೋಡಿ.

ಮನೆಯಲ್ಲಿ ಅತ್ತೆಯನ್ನೂ ಮಗಳನ್ನೂ ಜೊತೆಯಲ್ಲಿ ಕೂರಿಸಿಕೊಳ್ಳಿ. ಅವರವರ ಸುದ್ದಿ ಕೇಳಿ.

ನಿಮ್ಮ ಬೀದಿಯ ಒಂದು ಸುದ್ದಿಯನ್ನು ಐದು ಸಾಲಿನಲ್ಲಿ ಬರೆಯಿರಿ. ಮೇಲೆ ತಾರೀಖು ಹಾಕಿ. ಊರಿನ ಹೆಸರು ಹಾಕಿ. ಕೆಳಗೆ ನಿಮ್ಮ ಹೆಸರು ಬರೆದು ಸಹಿ ಮಾಡಿ. ಮುಂದಿನ ಸಲ ಕೇಂದ್ರಕ್ಕೆ ಬರುವಾಗ ತನ್ನಿ. "ಇವತ್ತು ಏನು ಸುದ್ದಿ?" ಅಂತ ಕೇಳಿದಾಗ ಅದನ್ನೇ ಎಲ್ಲರಿಗೂ ಓದಿ ಹೇಳಿ.